ಆಟದ ಬಯಲೂ ಪಾಠಶಾಲೆಯೇ



ಶಿರಾ ತಾಲ್ಲೂಕಿನ ಮದಲೂರು ಕೆರೆ ಬಹುಕಾಲ ಬತ್ತಿತ್ತು. 2020ರ ಕೊನೆಯಲ್ಲಿ ನಾಲೆಯ ಮೂಲಕ ಹೇಮಾವತಿಯ ನೀರು ಅದಕ್ಕೆ ಹರಿಯಿತು. ದೂರದ ನದಿಗೆ ಕಾಯುವ ಊರಿನ ಮಕ್ಕಳು ತಮ್ಮ ಶಾಲೆಯ ಅಂಗಳಕ್ಕೆ ಬೀಳುವ ಮಳೆಯ ಲೆಕ್ಕವನ್ನೂ ಅರಿಯಬೇಕು. ಅದನ್ನು ಕಲಿಸಲು ತಕ್ಕವರು ದೈಹಿಕ ಶಿಕ್ಷಣ ಶಿಕ್ಷಕರು. ಮಕ್ಕಳನ್ನು ಬಯಲಿಗೆ ಕರೆತರುವವರು ಅವರೇ.

ಒಂದು ಎಕರೆ ಮೈದಾನದ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಸುಮಾರು 40,000 ಲೀಟರ್ ನೀರು ಬಿದ್ದಂತೆ. ತುಳಿದು ಗಟ್ಟಿಯಾದ ನೆಲವು ಅದನ್ನು ಬೇಗ ಹೀರದು. ನೀರು ಮೇಲ್ಮಣ್ಣನ್ನೂ ಹೊತ್ತು ಹರಿದುಹೋಗುತ್ತದೆ. ಇಳಿಜಾರಿನ ಅಂಚಿಗೆ ಇಂಗುಗುಂಡಿ, ಸುತ್ತಲೂ ಹೊಂಗೆ, ಬೇವು ಇದ್ದರೆ ನೀರು ಭೂಮಿಗಿಳಿದೀತು, ಆಟಕ್ಕೆ ನೆರಳೂ ದೊರೆತೀತು.

ಬಿ.ಪಿ.ಎಡ್. ವ್ಯಾಸಂಗದಲ್ಲಿ ಕಬಡ್ಡಿ ಅಂಕಣವನ್ನು ಅಳೆಯುವ ಭಾವೀ ಶಿಕ್ಷಕರು ನೆಲದ ಇಳಿಜಾರನ್ನೂ ಅಳೆಯಲು ಕಲಿಯಲಿ. ಬೋಧನಾಭ್ಯಾಸದ ಶಾಲೆಯಲ್ಲಿ ಮಕ್ಕಳೊಡನೆ ಗಿಡ ನೆಡಲಿ. ತಾವು ಹೊರಟ ಮೇಲೆ, ಬೇಸಿಗೆಯಲ್ಲಿ, ಅದಕ್ಕೆ ನೀರೆರೆಯುವವರ ಸರದಿಯನ್ನೂ ಗೊತ್ತುಮಾಡಿ ಬರಲಿ.