ಉಕ್ಕಿನ ಸಿಪ್ಪೆ

ನಾಗರ ಪಂಚಮಿ ಹತ್ತಿರ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು ಕಡೆಯ ಮನೆಗಳಲ್ಲಿ ಜೋಳದ ಅಳ್ಳು ಹುರಿಯುತ್ತಾರೆ. ಬಿಸಿ ಬಾಣಲೆಗೆ ಬಿದ್ದ ಕಾಳು ಪಟ್ಟೆಂದು ಸಿಡಿದು ಬೆಳ್ಳಗೆ ಅರಳುತ್ತದೆ. ಅಷ್ಟು ಪುಟ್ಟ ಕಾಳಿಗೆ ಆ ಬಲ ಎಲ್ಲಿಂದ ಬಂತು?

ನೀರಿನಿಂದ. ಒಣಗಿದಂತೆ ಕಾಣುವ ಕಾಳಿನ ತೂಕದಲ್ಲೂ ಹತ್ತರಲ್ಲೊಂದು ಪಾಲಿನಷ್ಟು ನೀರಿರುತ್ತದೆ. ಕಾದಾಗ ಅದು ಆವಿಯಾಗಿ ಹೊರಬರಲು ನೋಡುತ್ತದೆ, ಗಟ್ಟಿ ಸಿಪ್ಪೆ ಬಿಡುವುದಿಲ್ಲ. ಒತ್ತಡ ಏರಿ ಏರಿ ಸಿಪ್ಪೆ ಒಡೆದಾಗ ಆವಿ ಭರ್ರನೆ ಹಿಗ್ಗುತ್ತದೆ. ಮೆತ್ತಗಾಗಿದ್ದ ಒಳಗಿನ ಪಿಷ್ಟವೂ ಅದರೊಂದಿಗೆ ಉಬ್ಬಿ, ಹಾಗೇ ಆರಿ ಗರಿಗರಿಯಾಗುತ್ತದೆ. ಅಳ್ಳನ್ನು ಬೀಸಿದರೆ ಅಳ್ಳಿಟ್ಟು. ಹಾಲು, ಬೆಲ್ಲ ಹಾಕಿ ಕಲಸಿದರೆ ಸಾಕು, ಮತ್ತೆ ಒಲೆ ಹಚ್ಚಬೇಕಿಲ್ಲ. ಅದು ಆಗಲೇ ಬೆಂದಿದೆ!

ಆದರೆ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಹೊಲಗಳಲ್ಲಿ ಬೆಳೆಯುವ ಮಾಮೂಲಿ ಮೆಕ್ಕೆಜೋಳ ಹೀಗೆ ಅರಳದು. ಪಾಪ್‌ಕಾರ್ನ್ ತಳಿಯ ಸಿಪ್ಪೆ ಸುಮಾರು 180 ಡಿಗ್ರಿ ಸೆಲ್ಸಿಯಸ್‌ವರೆಗೆ ಆವಿಯನ್ನು ಹಿಡಿದಿಡುತ್ತದೆ. ಮಾಮೂಲಿ ಮೆಕ್ಕೆಜೋಳದ್ದು ಅಷ್ಟು ಬಿಗಿಯಲ್ಲ, ಆವಿ ಸೋರಿಹೋಗುತ್ತದೆ. ಇನ್ನು ನುಚ್ಚಿಗೆ, ಹಿಟ್ಟಿಗೆ ಸಿಪ್ಪೆಯೇ ಇಲ್ಲವಲ್ಲ!

ಸಿಪ್ಪೆ ಇಲ್ಲದಿದ್ದರೆ ನಾವೇ ಕೊಡೋಣ, ಉಕ್ಕಿನದು. ಎಕ್ಸ್‌ಟ್ರೂಡರ್ ಎಂಬ ಯಂತ್ರ ಮಾಡುವುದು ಇದನ್ನೇ. ದಪ್ಪ ಉಕ್ಕಿನ ಕೊಳವೆ, ಒಳಗೆ ಗರಗರ ತಿರುಗುವ ತಿರುಪು, ತುದಿಯಲ್ಲಿ ಚಕ್ಕುಲಿ ಒರಳಿಗಿರುವಂಥ ತೂತಿನ ಬಿಲ್ಲೆ. ತುಸು ತೇವ ಮಾಡಿದ ನುಚ್ಚನ್ನು ತಿರುಪು ಒತ್ತಿ, ಉಜ್ಜಿ, ಮುಂದಕ್ಕೆ ತಳ್ಳುತ್ತದೆ. ಉಜ್ಜಾಟಕ್ಕೇ ಶಾಖ ಏರಿ 120ರಿಂದ 180 ಡಿಗ್ರಿ ಮುಟ್ಟುತ್ತದೆ. ನೀರು 100 ಡಿಗ್ರಿಗೇ ಕುದಿಯಬೇಕಲ್ಲವೇ? ಕೊಳವೆಯೊಳಗಿನ ಭಾರೀ ಒತ್ತಡ ಕುದಿಯಗೊಡುವುದಿಲ್ಲ. ತೂತಿನಿಂದ ಹೊರಬಿದ್ದ ಕ್ಷಣ ಒತ್ತಡ ಕಳಚುತ್ತದೆ, ನೀರು ಒಮ್ಮೆಲೇ ಆವಿಯಾಗುತ್ತದೆ, ಹಿಟ್ಟು ಉಬ್ಬಿ ಹಗುರಾಗುತ್ತದೆ. ಇಷ್ಟಕ್ಕೆ ಒಂದೆರಡು ನಿಮಿಷವೂ ಬೇಡ. ಬಾಯಲ್ಲೇ ತಿರುಗುವ ಚಾಕು ಅದನ್ನು ತುಂಡರಿಸುತ್ತದೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1930ರ ದಶಕದಲ್ಲಿ ಇಂಥ ಉಬ್ಬಿದ ಮೆಕ್ಕೆಜೋಳದ ತಿನಿಸು ಹುಟ್ಟಿದ್ದು ದನಕರುಗಳ ಮೇವು ತಯಾರಿಸುವ ಯಂತ್ರದಲ್ಲಿ! ನಿಮಗೆ ಗೊತ್ತಿರುವ ಕುರ್‌ಕುರೆಯೂ ಇದೇ ಬಗೆಯ ಯಂತ್ರದಿಂದ ಬರುತ್ತದೆ. ಅದಕ್ಕೆ ಎಣ್ಣೆ, ಉಪ್ಪು ಬೆರೆಸುತ್ತಾರೆ. ಏನೂ ಬೆರೆಸದೆ ಪುಡಿ ಮಾಡಿದರೆ ದಿಢೀರ್ ಗಂಜಿ ಹಿಟ್ಟು. ನನ್ನ ಮಟ್ಟಿಗೆ ಯಂತ್ರದ ಒಳ್ಳೆಯ ಉಪಯೋಗ ಇದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ನವಣೆಯನ್ನು ಅರಳಿಸಿ, ಅವಲಕ್ಕಿ ಮಾಡಿ, ಈ ಯಂತ್ರದಲ್ಲೂ ಹಾಯಿಸಿ, ಗುಣಗಳನ್ನು ಹೋಲಿಸಿ 2004ರಲ್ಲಿ ಪ್ರಕಟಿಸಿದ್ದಾರೆ.

ಹಸಿ ಹಿಟ್ಟಿನ ಗಂಜಿ ಕುದಿಸಬೇಕು, ಏಕೆಂದರೆ ಪಿಷ್ಟದ ಕಣಗಳು ಬಿಗಿದುಕೊಂಡಿರುತ್ತವೆ; ಸುಮಾರು 60–75 ಡಿಗ್ರಿಯಲ್ಲಿ ನೀರು ಕುಡಿದು ಬಿಚ್ಚಿಕೊಳ್ಳುತ್ತವೆ. ಯಂತ್ರದಿಂದ ಬಂದ ಹಿಟ್ಟಿನಲ್ಲಿ ಅವು ಮೊದಲೇ ಬಿಚ್ಚಿರುವುದರಿಂದ ಬಿಸಿನೀರು ಹಾಕಿ ಕದಡಿದರೆ ಆಯಿತು. ಜೋಳ, ಮೆಕ್ಕೆಜೋಳದಂಥ ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪೋಷಕಾಂಶ ಬೇಳೆಯಲ್ಲಿ ಹೇರಳ; ನುಚ್ಚಿನ ಜೊತೆ ಕಡಲೆಯನ್ನೋ ಹೆಸರನ್ನೋ ಸೇರಿಸಿ ಒಟ್ಟಿಗೇ ಬೇಯಿಸಬಹುದು.

ಇನ್ನೊಂದು ಲಾಭವಿದೆ. ಎಳೆಮಗುವಿನ ಹೊಟ್ಟೆ ಚಿಕ್ಕದು. ಮಾಮೂಲಿ ಹಿಟ್ಟು ಹೆಚ್ಚು ಹಾಕಿದರೆ ಗಂಜಿ ಅಂಟಿನಂತಾಗುತ್ತದೆ, ನೀರು ಹೆಚ್ಚಿಸಿದರೆ ಸತ್ವ ಸಾಲದು. ತಿರುಪಿನ ಉಜ್ಜಾಟಕ್ಕೆ ಪಿಷ್ಟದ ಉದ್ದ ಸರಪಳಿಗಳು ತುಂಡಾಗಿರುವುದರಿಂದ ಇಲ್ಲಿ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಅಷ್ಟು ಗಟ್ಟಿಯಾಗುವುದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಮಾಲ್ಟ್ ಮಾಡುವ ಅಮ್ಮಂದಿರ ಮನೆಯಲ್ಲಿ, ಸರಪಳಿ ಕತ್ತರಿಸುವ ಇದೇ ಕೆಲಸವನ್ನು ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಸದ್ದಿಲ್ಲದೆ ಮಾಡುತ್ತದೆ.