ವಿದ್ಯುತ್ಕಾಂತ ಪಿಸ್ಟನ್: ಕೊನೆಯ ಎರಡು ಮಿಲಿಮೀಟರ್



ಮೇಷ್ಟ್ರ ಹೆಸರಿನ ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ನನಗೆ ಸಂದ ದೊಡ್ಡ ಗೌರವ. ಅವರಿಂದ ವಿದ್ಯುತ್ ಯಂತ್ರಗಳ ಪಾಠ ಕೇಳಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಒಂದು ಯಂತ್ರವನ್ನು ಹೊಗಳುವ ಮೊದಲೂ ತೆಗಳುವ ಮೊದಲೂ ಲೆಕ್ಕ ಹಾಕಬೇಕು ಎಂಬುದು ಅವರು ನಮಗೆ ಕಲಿಸಿದ ಶಿಸ್ತು. ಎರಡೂ ಕಡೆಯವರು ಲೆಕ್ಕ ಹಾಕದೆ ವಾದಿಸುತ್ತಿರುವ ವಿಷಯವೊಂದನ್ನು ಇವತ್ತಿಗೆ ಆರಿಸಿಕೊಂಡದ್ದು ಅದೇ ಕಾರಣಕ್ಕೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ನೋಡಿದವರಿಗೆಲ್ಲ ಇದು ಪರಿಚಿತ. ಹಳೆಯ ಟೂ-ಸ್ಟ್ರೋಕ್ ಬೈಕಿನ ಎಂಜಿನ್ನಿನಿಂದ ಹೆಡ್ ಬಿಚ್ಚಿ, ಆ ಜಾಗದಲ್ಲಿ ತಾಮ್ರದ ಸುರುಳಿ ಸುತ್ತಿದ ಕಬ್ಬಿಣದ ದಿಂಡು ಕೂರಿಸುತ್ತಾರೆ. ಪಿಸ್ಟನ್ನಿನ ತಲೆಗೆ ಕಬ್ಬಿಣದ ಬಿಲ್ಲೆಯನ್ನೋ ಕಾಂತವನ್ನೋ ಬಿಗಿಯುತ್ತಾರೆ. ಸರಿಯಾದ ಗಳಿಗೆಗೆ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ಪಿಸ್ಟನ್ ಎಳೆಯಲ್ಪಟ್ಟು ಕ್ರ್ಯಾಂಕ್ ತಿರುಗುತ್ತದೆ. ಪೆಟ್ರೋಲ್ ಬೇಡ, ಹೊಗೆ ಇಲ್ಲ. ವರದಿಯ ಕೊನೆಯಲ್ಲಿ ಇದು ದಹನ ಎಂಜಿನ್ನಿಗೆ ಪರ್ಯಾಯ ಎಂಬ ವಾಕ್ಯ ಇದ್ದೇ ಇರುತ್ತದೆ.

ಅರ್ಸ್ಟೆಡ್ 1820ರಲ್ಲಿ ಕಂಡದ್ದು, ಸ್ಟರ್ಜನ್ 1825ರಲ್ಲಿ ಮೊದಲ ವಿದ್ಯುತ್ಕಾಂತ ಮಾಡಿದ್ದು, ಫ್ಯಾರಡೆಯ 1831ರ ಪ್ರೇರಣೆಯ ನಿಯಮ, ಇವೆಲ್ಲ ಪಠ್ಯಪುಸ್ತಕಗಳಲ್ಲಿವೆ. ಅವನ್ನು ಬಿಟ್ಟು ಮುಂದೆ ಹೋಗುತ್ತೇನೆ. ಆದರೆ ವಿದ್ಯುತ್ಕಾಂತ ಪಿಸ್ಟನ್ ಹೊಸ ಕಲ್ಪನೆಯಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು. ಅಮೆರಿಕದ ಜೋಸೆಫ್ ಹೆನ್ರಿ 1831ರಲ್ಲೇ ತಕ್ಕಡಿಯ ದಂಡಿಗೆಯಂತೆ ಮೇಲೆ ಕೆಳಗೆ ತೂಗುವ ವಿದ್ಯುತ್ಕಾಂತ ಯಂತ್ರವನ್ನು ವಿವರಿಸಿ ಬರೆದ. ಅಂದರೆ ವಿದ್ಯುತ್ ಮೋಟಾರು ತನ್ನ ಬಾಲ್ಯದಲ್ಲಿ ಉಗಿಯಂತ್ರವನ್ನೇ ಅನುಕರಿಸಿತ್ತು.

ಈ ಪರಂಪರೆಯ ದೊಡ್ಡ ಹೆಸರು ಚಾರ್ಲ್ಸ್ ಗ್ರಾಫ್ಟನ್ ಪೇಜ್. ಅಮೆರಿಕದ ಕಾಂಗ್ರೆಸ್ ಅವನಿಗೆ 20,000 ಡಾಲರ್ ಮಂಜೂರು ಮಾಡಿತು. 1851ರ ಏಪ್ರಿಲ್ 29ರಂದು ಅವನ ರೈಲು ಎಂಜಿನ್ ವಾಷಿಂಗ್ಟನ್ನಿನಿಂದ ಬ್ಲೇಡನ್ಸ್‌ಬರ್ಗಿಗೆ ಓಡಿತು. ಗರಿಷ್ಠ ವೇಗ ಗಂಟೆಗೆ 19 ಮೈಲಿ. ದಾರಿಯಲ್ಲಿ ಬ್ಯಾಟರಿಯ ಮಣ್ಣಿನ ಕೋಶಗಳು ಬಿರುಕು ಬಿಟ್ಟವು, ಸುರುಳಿಗಳ ನಿರೋಧಕ ಹೊದಿಕೆ ಸುಟ್ಟಿತು. ಇತಿಹಾಸಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಪೇಜ್ ಸೋತ ಎಂದು ಬರೆದುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅವನ ಯಂತ್ರದ ಮುಖ್ಯ ಗುಣ ಅವರ ಕಣ್ಣಿಗೆ ಬಿದ್ದೇ ಇಲ್ಲ. ಪೇಜ್ ಒಂದೇ ಉದ್ದನೆಯ ಸುರುಳಿ ಹಾಕಲಿಲ್ಲ. ಗಿಡ್ಡ ಸುರುಳಿಗಳನ್ನು ಸಾಲಾಗಿ ಜೋಡಿಸಿ, ಕಬ್ಬಿಣದ ದಂಡ ಮುಂದೆ ಸರಿದಂತೆಲ್ಲ ಮುಂದಿನ ಸುರುಳಿಗೆ ಕರೆಂಟ್ ಹೋಗುವಂತೆ ಮಾಡಿದ. ಹೀಗೆ ಯಾಕೆ ಮಾಡಿದ ಎಂಬುದಕ್ಕೆ ಉತ್ತರ ಹುಡುಕಿದರೆ ನಮ್ಮ ಇಡೀ ವಿವಾದ ಬಿಡಿಸಿಕೊಳ್ಳುತ್ತದೆ.

ಅದಕ್ಕೆ ಮುಂಚೆ ಎರಡು ಎದುರು ಪಕ್ಷಗಳನ್ನು ನೋಡೋಣ.

ಮೊದಲನೆಯದು, ಈ ವಿಷಯವನ್ನು ಜೂಲ್ ಆಗಲೇ ಮುಗಿಸಿಬಿಟ್ಟ ಎನ್ನುವವರ ಪಕ್ಷ. ಜೂಲ್ ತನ್ನ ಇಪ್ಪತ್ತರ ವಯಸ್ಸಿನಲ್ಲಿ ವಿದ್ಯುತ್ಕಾಂತ ಎಂಜಿನ್ನುಗಳ ಮೇಲೆ ಬಹಳ ಆಸೆ ಇಟ್ಟು ಅಳತೆ ಶುರುಮಾಡಿದ. 1841ರ ಹೊತ್ತಿಗೆ ಅವನಿಗೆ ತಿಳಿದದ್ದು ಇಷ್ಟು: ಬ್ಯಾಟರಿಯಲ್ಲಿ ಕರಗುವ ಒಂದು ಪೌಂಡ್ ಸತು, ಒಳ್ಳೆಯ ಉಗಿಯಂತ್ರದಲ್ಲಿ ಉರಿಯುವ ಒಂದು ಪೌಂಡ್ ಕಲ್ಲಿದ್ದಲಿನಷ್ಟು ಕೆಲಸ ಕೊಡುವುದಿಲ್ಲ. ಬೆಲೆಯೋ, ಕಲ್ಲಿದ್ದಲಿಗಿಂತ ಎಷ್ಟೋ ಪಟ್ಟು. ಇದು ನಿಜ. ಆದರೆ ಅವನು ಕೊಟ್ಟದ್ದು ಸತುವಿನ ಮೇಲಿನ ತೀರ್ಪು. 1870ರ ದಶಕದಲ್ಲಿ ಗ್ರಾಮ್‌ನ ಡೈನಮೋ ಬಂದು ಕರೆಂಟಿನ ಬೆಲೆ ಇಳಿದ ದಿನವೇ ಆ ತೀರ್ಪು ಹಳತಾಯಿತು. ಪಿಸ್ಟನ್ನಿನ ರಚನೆ ಸರಿಯೋ ತಪ್ಪೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಜೂಲ್‌ನ ಹೆಸರು ಹೇಳಿ ವಿದ್ಯಾರ್ಥಿಯ ಬಾಯಿ ಮುಚ್ಚಿಸುವುದು ಪ್ರಾಧ್ಯಾಪಕರಿಗೆ ಶೋಭಿಸುವ ಕೆಲಸವಲ್ಲ.

ಇದೇ ಪಕ್ಷದ ಇನ್ನೊಂದು ವಾದ ಕಾಂತಬಲ ದುರ್ಬಲ ಎಂಬುದು. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಒತ್ತಡ 50 ಬಾರ್ ದಾಟುತ್ತದೆ, 1 ಟೆಸ್ಲಾ ಕ್ಷೇತ್ರ ಕೊಡುವುದು ಬರೀ 4 ಬಾರ್, ಆದ್ದರಿಂದ ಮಾತು ಮುಗಿಯಿತು ಎನ್ನುತ್ತಾರೆ. ಈ ಹೋಲಿಕೆಯೇ ತಪ್ಪು. ದಹನದ ಒತ್ತಡ ಒಂದು ಕ್ಷಣ ಏರಿ ಇಳಿಯುತ್ತದೆ, ಹೋಲಿಸಬೇಕಾದದ್ದು ಸರಾಸರಿಯನ್ನು. ನಮ್ಮ ಹುಡುಗರ ಪ್ರೀತಿಯ ಯಮಹಾ ಆರ್‌ಎಕ್ಸ್ 100 ಬೈಕನ್ನೇ ತೆಗೆದುಕೊಳ್ಳಿ. ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., 98 ಸಿಸಿ, 7,500 ಆರ್‌ಪಿಎಂನಲ್ಲಿ 11 ಎಚ್‌ಪಿ. ಒಂದು ಸುತ್ತಿಗೆ ಎಷ್ಟು ಕೆಲಸ ಎಂದು ಭಾಗಿಸಿದರೆ ಸುಮಾರು 65 ಜೂಲ್ ಬರುತ್ತದೆ. ಅದನ್ನು 98 ಸಿಸಿಗೆ ಹಂಚಿದರೆ ಸರಾಸರಿ ಒತ್ತಡ 7 ಬಾರಿಗೂ ಸ್ವಲ್ಪ ಕಡಿಮೆ. ಕಾಂತದ ಒತ್ತಡವಾದರೋ ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕಬ್ಬಿಣ ಸಲೀಸಾಗಿ ತಾಳುವ 1.6 ಟೆಸ್ಲಾದಲ್ಲಿ ಅದು 10 ಬಾರ್. ಅಂದರೆ ಕಬ್ಬಿಣಕ್ಕೆ ಕಬ್ಬಿಣ ಹತ್ತಿರವಿದ್ದಾಗ ಕಾಂತಬಲ ಪೆಟ್ರೋಲಿಗೆ ಸರಿಸಮ, ಒಂದು ಕೈ ಮೇಲೆಯೇ.

ತೊಡಕಿರುವುದು ಆ ‘ಹತ್ತಿರವಿದ್ದಾಗ’ ಎಂಬ ಮಾತಿನಲ್ಲಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅದೇ ಆರ್‌ಎಕ್ಸ್ 100 ಸಿಲಿಂಡರಿನ ಮೇಲೆ ಒಂದು ಸುರುಳಿ ಇಡೋಣ. ತಂತಿ ಸುತ್ತಲು 50 ಮಿ.ಮೀ. ಎತ್ತರ, 20 ಮಿ.ಮೀ. ದಪ್ಪದ ಜಾಗ. ಅದರಲ್ಲಿ ಅರ್ಧ ತಾಮ್ರ, ಉಳಿದದ್ದು ಹೊದಿಕೆ ಮತ್ತು ಸಂದು. ಬರೀ ಗಾಳಿಯಲ್ಲಿ ತಣಿಯುವ ತಾಮ್ರಕ್ಕೆ ಪ್ರತಿ ಚದರ ಮಿಲಿಮೀಟರಿಗೆ 5 ಆಂಪಿಯರ್ ಸುರಕ್ಷಿತ ಎಂದುಕೊಂಡರೆ ನಮ್ಮ ಕೈಗೆ ಬರುವುದು 2,500 ಆಂಪಿಯರ್-ಸುತ್ತುಗಳು. ಕಬ್ಬಿಣದೊಳಗೆ ಕ್ಷೇತ್ರಕ್ಕೆ ಅಡ್ಡಿಯೇ ಇಲ್ಲ ಎಂದು ಉದಾರವಾಗಿ ಭಾವಿಸೋಣ. ಪಿಸ್ಟನ್ ಕೆಳಗಿದ್ದು ಗಾಳಿಯ ಅಂತರ 50 ಮಿ.ಮೀ. ಇದ್ದಾಗ ಎಳೆತ 3 ನ್ಯೂಟನ್, ಅಂದರೆ ಮುನ್ನೂರು ಗ್ರಾಂ ತೂಕದಷ್ಟು. ಅಂತರ 5 ಮಿ.ಮೀ.ಗೆ ಇಳಿದಾಗ ಅದರ ನೂರು ಪಟ್ಟು, ಮೂವತ್ತು ಕಿಲೋ ತೂಕದಷ್ಟು. ಸ್ಟ್ರೋಕಿನ ಕೊನೆಯಲ್ಲಿ 2 ಮಿ.ಮೀ. ಅಂತರ ಉಳಿಸಿಕೊಂಡರೆ ಅಲ್ಲಿ 1,900 ನ್ಯೂಟನ್ ಮೀರುತ್ತದೆ.

ಈ ಬಲವನ್ನು ಇಡೀ 50 ಮಿ.ಮೀ. ಸ್ಟ್ರೋಕಿನ ಮೇಲೆ ಕೂಡಿದರೆ ಒಟ್ಟು ಕೆಲಸ 3.7 ಜೂಲ್. ಪೆಟ್ರೋಲ್ ಕೊಟ್ಟದ್ದು 65. ಈ ಕೊರತೆಗಿಂತ ಮುಖ್ಯ, ಆ 3.7 ಜೂಲ್ ಎಲ್ಲಿ ಸಿಗುತ್ತದೆ ಎಂಬುದು. ಸ್ಟ್ರೋಕಿನ ಮೊದಲ 25 ಮಿ.ಮೀ.ನಲ್ಲಿ ಸಿಗುವುದು ಶೇಕಡಾ 4ಕ್ಕೂ ಕಡಿಮೆ. ಅರ್ಧದಷ್ಟು ಕೆಲಸ ಆಗುವುದು ಕೊನೆಯ 2 ಮಿ.ಮೀ.ನಲ್ಲಿ! ಆ 2 ಮಿ.ಮೀ. ಎಂದರೆ ಕ್ರ್ಯಾಂಕಿನ ಕೊನೆಯ ಸುಮಾರು 20 ಡಿಗ್ರಿ. ಅಲ್ಲಿ ಕನೆಕ್ಟಿಂಗ್ ರಾಡ್ ನೆಟ್ಟಗಾಗುತ್ತ ಬಂದು, ಬಲ ಎಷ್ಟಿದ್ದರೂ ತಿರುಗಿಸುವ ಶಕ್ತಿ ಸೊನ್ನೆಯತ್ತ ಜಾರುತ್ತಿರುತ್ತದೆ. ದಹನದ ಅನಿಲ ಟಾಪ್ ಡೆಡ್ ಸೆಂಟರ್ ದಾಟಿದ ಮೇಲೆ ಹಿಗ್ಗುತ್ತ ಸ್ಟ್ರೋಕಿನುದ್ದಕ್ಕೂ ತಳ್ಳುತ್ತದೆ. ಕಾಂತ ಮಾಡುವುದು ಅದಕ್ಕೆ ತದ್ವಿರುದ್ಧ. ಅನಿಲಕ್ಕೆಂದು ಹೊಂದಿಸಿದ ಸ್ಟ್ರೋಕನ್ನು ಕಾಂತಕ್ಕೆ ಹೇರಿದ್ದೇ ಈ ವಿನ್ಯಾಸದ ಮೂಲ ದೋಷ. ಪೇಜ್ ಗಿಡ್ಡ ಸುರುಳಿಗಳನ್ನು ಸಾಲಾಗಿ ಇಟ್ಟದ್ದು ಇದಕ್ಕೇ. ದಂಡ ಎಲ್ಲಿದ್ದರೂ ಅದರ ಮುಂದಿನ ಅಂತರ ಚಿಕ್ಕದಾಗಿಯೇ ಇರಬೇಕು ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೆ ತೆತ್ತ ಬೆಲೆ ತಾಮ್ರದ ತೂಕ. ಯಾವ ಗಳಿಗೆಯಲ್ಲಿ ನೋಡಿದರೂ ಹೆಚ್ಚಿನ ಸುರುಳಿಗಳು ಸುಮ್ಮನೆ ಕುಳಿತಿರುತ್ತವೆ.

ಈಗ ಎರಡನೆಯ ಪಕ್ಷ. ಇವರು ಉತ್ಸಾಹಿಗಳು. ಪ್ರಾಜೆಕ್ಟ್ ಓಡಿತು ಆದರೆ ಬಲ ಸಾಲದು, ಇನ್ನೂ ಶಕ್ತಿಯುತ ಕಾಂತ ಹಾಕಿದರೆ ಸರಿಹೋಗುತ್ತದೆ ಎನ್ನುವವರು. ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ನಾನು ಕಂಡದ್ದು ಬೇರೆ. ಇಂಥ ಯಂತ್ರವನ್ನು ಕೊಲ್ಲುವುದು ಬಲದ ಕೊರತೆಗಿಂತ ಹೆಚ್ಚಾಗಿ ಹೊತ್ತು ಮೀರಿ ಉಳಿಯುವ ಕರೆಂಟ್.

ಸಾಮಾನ್ಯವಾಗಿ ಸುರುಳಿಯ ಎರಡು ತುದಿಗಳ ನಡುವೆ ಒಂದು ಡಯೋಡ್ ಹಾಕಿರುತ್ತಾರೆ. ಸ್ವಿಚ್ ಬಿಟ್ಟಾಗ ಕಿಡಿ ಹಾರಿ ಟ್ರಾನ್ಸಿಸ್ಟರ್ ಸುಡದಿರಲಿ ಎಂದು. ಸ್ವಿಚ್ ಆಫ್ ಆದ ಮೇಲೆ ಕರೆಂಟ್ ಆ ಡಯೋಡಿನ ಮೂಲಕ ಸುರುಳಿಯಲ್ಲೇ ಸುತ್ತುತ್ತ ನಿಧಾನಕ್ಕೆ ಇಳಿಯುತ್ತದೆ. ಆಸಿಲೋಸ್ಕೋಪ್ ಇಟ್ಟು ನೋಡಿದರೆ ಪರದೆಯ ಮೇಲೆ ಗೆರೆ ಥಟ್ಟನೆ ಬೀಳುವುದಿಲ್ಲ, ಇಳಿಜಾರಾಗಿ ಬಹುದೂರ ಎಳೆದುಕೊಂಡು ಹೋಗುತ್ತದೆ. 50 ಮಿಲಿಹೆನ್ರಿ ಪ್ರೇರಕತ್ವ, 1 ಓಂ ರೋಧವಿರುವ ಸುರುಳಿಗೆ ಕಾಲಸ್ಥಿರಾಂಕ 50 ಮಿಲಿಸೆಕೆಂಡು. 3,000 ಆರ್‌ಪಿಎಂನಲ್ಲಿ ಒಂದು ಸ್ಟ್ರೋಕಿಗೆ ಇರುವ ಅವಧಿಯೇ 10 ಮಿಲಿಸೆಕೆಂಡು. ಮೇಲೆ ಹೇಳಿದ ಕೊನೆಯ 2 ಮಿ.ಮೀ.ಗೆ ಸಿಗುವುದು ಒಂದು ಮಿಲಿಸೆಕೆಂಡಿಗೆ ತುಸು ಹೆಚ್ಚು. ಪಿಸ್ಟನ್ ತಿರುಗಿ ಇಳಿಯತೊಡಗಿದಾಗಲೂ ಸುರುಳಿಯಲ್ಲಿ ಹೆಚ್ಚುಕಡಿಮೆ ಪೂರ್ಣ ಕರೆಂಟ್ ಇರುತ್ತದೆ. ಬರುವಾಗ ಎಳೆದ ಬಲವೇ ಹೋಗುವಾಗ ಹಿಂದಕ್ಕೆ ಎಳೆಯುತ್ತದೆ. ಗಳಿಸಿದ 3.7 ಜೂಲಿನಲ್ಲಿ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಫ್ಲೈವೀಲ್ ಮೇಲಿನ ತುದಿ ದಾಟಿದ ಕೂಡಲೇ ತಡವರಿಸುವುದನ್ನು ಕೈಯಲ್ಲಿ ಮುಟ್ಟಿ ತಿಳಿಯಬಹುದು. ಇನ್ನೂ ದೊಡ್ಡ ಸುರುಳಿ ಸುತ್ತಿದರೆ ಬಲದ ಜೊತೆಗೆ ಪ್ರೇರಕತ್ವವೂ ಏರಿ ಕರೆಂಟಿನ ಈ ಬಾಲ ಮತ್ತಷ್ಟು ಉದ್ದವಾಗುತ್ತದೆ.

ಪರಿಹಾರ ಇದೆ. ಸುರುಳಿಯ ಎರಡೂ ತುದಿಗೆ ಒಂದೊಂದು ಸ್ವಿಚ್, ಎರಡು ಡಯೋಡ್ ಹಾಕಬೇಕು. ಎರಡೂ ಸ್ವಿಚ್ ಬಿಟ್ಟಾಗ ಬ್ಯಾಟರಿಯ ವೋಲ್ಟೇಜ್ ಸುರುಳಿಗೆ ತಿರುಗುಮುರುಗಾಗಿ ಬಿದ್ದು ಕರೆಂಟನ್ನು ಬೇಗ ಇಳಿಸುತ್ತದೆ, ಕ್ಷೇತ್ರದಲ್ಲಿ ಉಳಿದ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಸ್ಥಿರ ಕರೆಂಟಿನಲ್ಲಿ ಕೊಟ್ಟ ಶಕ್ತಿಯಲ್ಲಿ ಅರ್ಧ ಮಾತ್ರ ಕೆಲಸವಾಗುತ್ತದೆ, ಅರ್ಧ ಕ್ಷೇತ್ರದಲ್ಲಿ ನಿಲ್ಲುತ್ತದೆ. ಮೇಷ್ಟ್ರ ತರಗತಿಯಲ್ಲಿ ಕೂತವರಿಗೆ ಇದು ಬಾಯಿಪಾಠ. ಆ ಅರ್ಧವನ್ನು ಮರಳಿ ಪಡೆಯದ ವಿನ್ಯಾಸಕ್ಕೆ ಅವರ ಕೈಯಲ್ಲಿ ಅಂಕ ಸಿಗುತ್ತಿರಲಿಲ್ಲ.

ಪಿಸ್ಟನ್ನಿಗೆ ನಿಯೋಡಿಮಿಯಂ ಕಾಂತ ಕಟ್ಟಿ, ವಿಕರ್ಷಣೆಯಿಂದ ಶಕ್ತಿ ಪುಕ್ಕಟೆ ಸಿಗುತ್ತದೆ ಎಂದು ಬರೆಯುವವರಿಗೆ ನನ್ನ ಉತ್ತರ ನೇರ. ಸಿಗುವುದಿಲ್ಲ. ಶಾಶ್ವತ ಕಾಂತ ದೂರ ತಳ್ಳುವಾಗ ಕೊಟ್ಟದ್ದನ್ನು ಹತ್ತಿರ ತರುವಾಗ ಪೂರ್ತಿ ವಸೂಲು ಮಾಡುತ್ತದೆ. ಒಂದು ಸುತ್ತು ಮುಗಿದಾಗ ಅದರ ಲೆಕ್ಕ ಸೊನ್ನೆ. ಕೆಲಸಕ್ಕೆ ಬೆಲೆ ತೆರುವುದು ಬ್ಯಾಟರಿಯೇ. ಇದಲ್ಲದೆ ಕ್ಷೇತ್ರದ ದೃಷ್ಟಿಯಿಂದ ಆ ಕಾಂತದ ಬಿಲ್ಲೆ ಬಹುಮಟ್ಟಿಗೆ ಗಾಳಿಯ ಅಂತರವೇ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಬಿಸಿಯಾದ ಸುರುಳಿಯ ಮಗ್ಗುಲಲ್ಲಿ ಅದನ್ನು ಇಡುವವರು ಇದನ್ನು ಮರೆಯಬಾರದು. ಪುಕ್ಕಟೆ ಶಕ್ತಿಯ ಮಾತು ವಿದ್ಯಾರ್ಥಿಗಳ ವರದಿಯಲ್ಲಿ ಬಂದರೆ ತಿದ್ದಬಹುದು. ಮಾರ್ಗದರ್ಶಕರ ಸಹಿಯೊಂದಿಗೆ ಬಂದಾಗ ನನಗೆ ನಿಜವಾಗಿ ನೋವಾಗುತ್ತದೆ.

ಹಾಗಾದರೆ ಇದಕ್ಕೆ ಜಾಗವೇ ಇಲ್ಲವೇ? ಇದೆ. ನಮ್ಮ 3.7 ಜೂಲಿನ ಯಂತ್ರ ಕರೆಂಟಿನ ಬಾಲವನ್ನು ಕತ್ತರಿಸಿ 3,000 ಆರ್‌ಪಿಎಂನಲ್ಲಿ ಓಡಿದರೆ ಸುಮಾರು 185 ವಾಟ್ ಕೊಡುತ್ತದೆ. ಅದಕ್ಕೆ ತಗಲುವ ತಾಮ್ರ ಒಂದು ಕಿಲೋ, ಅದರಲ್ಲಿ ಸದಾ ಕರೆಂಟ್ ಹರಿಯುತ್ತಿದ್ದರೂ ಬಿಸಿಯಾಗಿ ಹೋಗುವುದು 50 ವಾಟಿನ ಆಸುಪಾಸು. ದುಂದಿನ ಯಂತ್ರವೇನಲ್ಲ. ಬೈಕ್ ಎಳೆಯಲಾರದು, ಪಂಪ್ ನಡೆಸೀತು. ಕ್ರ್ಯಾಂಕನ್ನೇ ಕಿತ್ತುಹಾಕಿ, ಪಿಸ್ಟನ್ನನ್ನು ಸ್ಪ್ರಿಂಗಿನ ಮೇಲೆ ನಿಲ್ಲಿಸಿ, ಅದರ ಸಹಜ ಕಂಪನದ ಲಯಕ್ಕೆ ಕರೆಂಟ್ ಕೊಟ್ಟರೆ ಲೀನಿಯರ್ ಕಂಪ್ರೆಸರ್ ಎಂಬ ಸಂಕೋಚಕವಾಗುತ್ತದೆ. ಲೀನಿಯರ್ ಕಂಪ್ರೆಸರಿನ ಫ್ರಿಜ್ ಮನೆಯಲ್ಲಿರುವವರ ಅಡುಗೆಮನೆಯಲ್ಲಿ ವಿದ್ಯುತ್ಕಾಂತ ಪಿಸ್ಟನ್ ಹಗಲಿರುಳು ದುಡಿಯುತ್ತಿದೆ. ಸ್ಟ್ರೋಕ್ ಗಿಡ್ಡ, ಬಲ ಬೇಕಾದ ಕಡೆಯೇ ಬಲ. ವಿಲಿಯಂ ಬೀಲ್ 1960ರ ದಶಕದಲ್ಲಿ ರೂಪಿಸಿದ ಫ್ರೀ-ಪಿಸ್ಟನ್ ಸ್ಟರ್ಲಿಂಗ್ ಎಂಜಿನ್ನಿನಲ್ಲೂ ಕ್ರ್ಯಾಂಕ್ ಇಲ್ಲ. ಅಂಥ ಪಿಸ್ಟನ್ನಿಗೆ ಕಾಂತ ಕಟ್ಟಿ ಕರೆಂಟ್ ಉತ್ಪಾದಿಸುವುದೂ ಉಂಟು.

ವಾಹನಕ್ಕೆ ಮಾತ್ರ ಉತ್ತರ ಬೇರೆ. ರಾಬರ್ಟ್ ಡೇವಿಡ್‌ಸನ್ 1842ರಲ್ಲಿ ಎಡಿನ್‌ಬರೋ ಗ್ಲಾಸ್ಗೋ ರೈಲುಮಾರ್ಗದಲ್ಲಿ ಓಡಿಸಿದ ಎಂಜಿನ್ನಿನಲ್ಲಿ ಕಬ್ಬಿಣದ ಪಟ್ಟಿಗಳು ಕಾಂತದ ಕಡೆಗೆ ನೆಟ್ಟಗೆ ಬಂದು ಮುಟ್ಟುವುದಿಲ್ಲ, ಪಕ್ಕದಿಂದ ಸರಿದು ಹೋಗುತ್ತವೆ. ಅಂತರ ಚಿಕ್ಕದಾಗಿಯೇ ಉಳಿಯುತ್ತದೆ, ಚಲನೆ ಮಾತ್ರ ಉದ್ದವಾಗುತ್ತದೆ. ಸ್ವಿಚ್ ಮಾಡುವ ಎಲೆಕ್ಟ್ರಾನಿಕ್ಸ್ ಬಂದ ಮೇಲೆ, 1980ರಲ್ಲಿ ಲೀಡ್ಸ್‌ನ ಲಾರೆನ್ಸನ್ ಮತ್ತು ಸಂಗಡಿಗರ ಪ್ರಬಂಧದಿಂದ ಇದೇ ತತ್ವ ಸ್ವಿಚ್ಡ್ ರಿಲಕ್ಟೆನ್ಸ್ ಮೋಟಾರಾಗಿ ಮತ್ತೆ ಗಮನ ಸೆಳೆಯಿತು. ಶಾಶ್ವತ ಕಾಂತ ಬೇಡದ, ಅಪರೂಪದ ಲೋಹಗಳಿಗೆ ಬೇರೆ ದೇಶದ ಮುಖ ನೋಡಬೇಕಿಲ್ಲದ ಮೋಟಾರು ಅದು. ನಾನು ವಿವರಿಸಿದ ಎರಡು ಸ್ವಿಚ್, ಎರಡು ಡಯೋಡಿನ ಸರ್ಕಿಟ್ಟೇ ಅದನ್ನೂ ನಡೆಸುತ್ತದೆ. ಪಿಸ್ಟನ್ನಿನ ಮೇಲೆ ದುಡಿದ ವಿದ್ಯಾರ್ಥಿಗೆ ಅಲ್ಲಿಗೆ ದಾರಿ ತೆರೆದೇ ಇದೆ.

ಪ್ರಾಜೆಕ್ಟುಗಳಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇದು. ವಿದ್ಯುತ್ಕಾಂತ ಪಿಸ್ಟನ್ನಿನ ಪ್ರಾಜೆಕ್ಟ್ ಬಂದರೆ ಬೇಡ ಎನ್ನಬೇಡಿ. ಆದರೆ ವರದಿಗೆ ಸಹಿ ಹಾಕುವ ಮೊದಲು ಎರಡು ರೇಖಾಚಿತ್ರ ಕೇಳಿ: ಅಂತರದೊಂದಿಗೆ ಬಲ ಹೇಗೆ ಬದಲಾಯಿತು, ಕ್ರ್ಯಾಂಕಿನ ಕೋನದೊಂದಿಗೆ ಸುರುಳಿಯ ಕರೆಂಟ್ ಹೇಗೆ ಏರಿ ಇಳಿಯಿತು. ಎರಡನ್ನೂ ವಿದ್ಯಾರ್ಥಿಯೇ ಅಳೆದು ತಂದಿರಲಿ.