ಎರಡು ಸೆಕೆಂಡಿನ ಆಟ, ಎರಡು ಬಗೆಯ ಲೆಕ್ಕ



ಒಂದು ಚೆಂಡನ್ನು ನಿಮ್ಮ ಕೈಯಿಂದ ಐದು ಮೀಟರ್ ಎತ್ತರಕ್ಕೆ ನೇರವಾಗಿ ಎಸೆದಿರಿ ಎಂದು ಭಾವಿಸಿ. ಅದು ಮೇಲೇರಲು ಸುಮಾರು ಒಂದು ಸೆಕೆಂಡು, ಕೆಳಗಿಳಿಯಲು ಇನ್ನೊಂದು ಸೆಕೆಂಡು ಬೇಕು. ಗುರುತ್ವಾಕರ್ಷಣೆಯ ಪಾಠ ಓದಿದವರಿಗೆ ಈ ಲೆಕ್ಕ ಹೊಸದಲ್ಲ. ಆದರೆ ಆ ಎರಡು ಸೆಕೆಂಡಿನೊಳಗೆ ನೀವು ನೆಲದ ಮೇಲೆ ಎರಡು ಸುತ್ತು ಲಾಗ ಹಾಕಿ, ಬೀಳುವ ಚೆಂಡನ್ನು ಕಣ್ಣಿಂದ ನೋಡದೆಯೇ ಹಿಡಿಯಬೇಕು. ಸಂಗೀತದ ತಾಳವೂ ತಪ್ಪಬಾರದು. ರಿದಮಿಕ್ ಜಿಮ್ನಾಸ್ಟಿಕ್ಸ್ ಎಂಬ ಕ್ರೀಡೆಯ ಕಷ್ಟ ಇಲ್ಲಿದೆ.

ಮಹಿಳೆಯರ ಈ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂದದ್ದು 1984ರ ಲಾಸ್ ಏಂಜಲೀಸ್ ಕೂಟದಲ್ಲಿ. 13 ಮೀಟರ್ ಚೌಕದ ಅಂಕಣ. ಒಂದು ಪ್ರದರ್ಶನಕ್ಕೆ 75ರಿಂದ 90 ಸೆಕೆಂಡು. ಹೂಪ್, ಚೆಂಡು, ಒಂದು ಜೊತೆ ಕ್ಲಬ್ ಮತ್ತು ಆರು ಮೀಟರ್ ಉದ್ದದ ರಿಬ್ಬನ್, ಹೀಗೆ ನಾಲ್ಕು ಸಾಧನಗಳ ನಾಲ್ಕು ಸುತ್ತು. ರಿಬ್ಬನ್ ಎಷ್ಟು ಹಗುರವೆಂದರೆ ಸಭಾಂಗಣದ ಹವಾನಿಯಂತ್ರಣದ ಗಾಳಿಯೂ ಅದರ ದಾರಿ ತಪ್ಪಿಸಬಲ್ಲದು.

ಈ ಕ್ರೀಡೆಯಲ್ಲಿ ಹೆಸರು ಮಾಡಿದ ದಕ್ಷಿಣ ಕೊರಿಯಾದ ಸೋನ್ ಯೋನ್ ಜೇ ಅವರ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. 1994ರಲ್ಲಿ ಜನಿಸಿದ ಇವರು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದಾಗ ವಯಸ್ಸು ಹದಿನಾರು. ಇನ್‌ಸ್ಟಾಗ್ರಾಮ್ ಹುಟ್ಟಿದ್ದೂ ಅದೇ ವರ್ಷ. ಮುಂದಿನ ವರ್ಷಗಳಲ್ಲಿ ಅವರ ಚಿತ್ರ ಜಾಹೀರಾತುಗಳಲ್ಲಿ, ದೂರದರ್ಶನದ ಕಾರ್ಯಕ್ರಮಗಳಲ್ಲಿ, ಕೊನೆಗೆ ಲಕ್ಷಾಂತರ ಜನರ ಅಂಗೈಯ ಫೋನಿನಲ್ಲಿ ಕಾಣಿಸತೊಡಗಿತು. ಇತ್ತ ಅವರು ಮನೆ ಬಿಟ್ಟು, ಮಾಸ್ಕೋ ಬಳಿಯ ನೊವೊಗೊರ್ಸ್ಕ್ ಕೇಂದ್ರದಲ್ಲಿ ರಷ್ಯದ ಘಟಾನುಘಟಿಗಳ ಜೊತೆ ಅಭ್ಯಾಸ ಮಾಡುತ್ತಿದ್ದರು.

2012ರ ಲಂಡನ್ ಒಲಿಂಪಿಕ್ಸ್‌ನ ಅಂತಿಮ ಸುತ್ತಿನ ಅಂಕಗಳನ್ನು ಗಮನಿಸಿ. ಆಗ ಪ್ರತಿ ಸಾಧನಕ್ಕೆ ಗರಿಷ್ಠ 30 ಅಂಕ. ಹೂಪ್ 28.050, ಚೆಂಡು 28.325, ರಿಬ್ಬನ್ 28.350. ಕ್ಲಬ್‌ನಲ್ಲಿ ಮಾತ್ರ ತಪ್ಪಾಗಿ 26.750. ಒಟ್ಟು 111.475, ಸ್ಥಾನ ಐದನೆಯದು. ಕಂಚು ಪಡೆದ ಬೆಲಾರೂಸ್‌ನ ಆಟಗಾರ್ತಿಯ ಅಂಕ 111.700. ವ್ಯತ್ಯಾಸ ಬರೀ 0.225!

2014ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹೂಪ್ ವಿಭಾಗದಲ್ಲಿ ಕಂಚು, ತಮ್ಮದೇ ದೇಶದ ಇಂಚಿಯಾನ್‌ನಲ್ಲಿ ಏಷ್ಯನ್ ಕೂಟದ ಚಿನ್ನ. 2016ರ ರಿಯೊದಲ್ಲಿ ನಾಲ್ಕೂ ಸುತ್ತಿನಲ್ಲಿ 20ಕ್ಕೆ 18ರ ಮೇಲೆ ಅಂಕ ಬಂದವು. ಲಂಡನ್‌ನಲ್ಲಿ ಕೈಕೊಟ್ಟಿದ್ದ ಕ್ಲಬ್‌ಗೇ ಎಲ್ಲಕ್ಕಿಂತ ಹೆಚ್ಚು, 18.300. ಆದರೂ ಸಿಕ್ಕಿದ್ದು ನಾಲ್ಕನೆಯ ಸ್ಥಾನ, ಪದಕವಿಲ್ಲ. 2017ರಲ್ಲಿ ಅವರು ನಿವೃತ್ತರಾದರು.

ಅಂತರ್ಜಾಲದ ಲೆಕ್ಕ ಬೇರೆಯೇ ಇತ್ತು. ಗೆದ್ದಾಗ ಹೊಗಳಿಕೆಯ ಮಳೆ ಸುರಿದಂತೆ, ಈಕೆಗೆ ಅರ್ಹತೆಗಿಂತ ಹೆಚ್ಚು ಪ್ರಚಾರ ಎಂಬ ನಿಂದನೆಯೂ ವರ್ಷಗಟ್ಟಲೆ ಬೆನ್ನು ಹತ್ತಿತು. 2018ರಲ್ಲಿ, ಕೊರಿಯನ್ನರಿಗೆ ಅಪ್ರಿಯಳಾಗಿದ್ದ ಬೇರೆ ದೇಶದ ಕ್ರೀಡಾಪಟುವೊಬ್ಬಳ ಚಿತ್ರಕ್ಕೆ 'ಲೈಕ್' ಒತ್ತಿದ್ದೇ ನೆಪವಾಗಿ ಟೀಕೆ ಭುಗಿಲೆದ್ದಿತು. ಅವರು ತಮ್ಮ ಖಾತೆಯನ್ನೇ ಮುಚ್ಚಬೇಕಾಯಿತು. ನಿವೃತ್ತಿಯಾಗಿ ಒಂದು ವರ್ಷ ಕಳೆದ ಮೇಲೆ, ಬೆರಳಿನ ಒಂದು ಒತ್ತು ಇಷ್ಟು ದುಬಾರಿಯಾಯಿತು.

ಕ್ಯಾಮೆರಾದ ಹಿಂದೆ ಇಪ್ಪತ್ತು ವರ್ಷ ಕಳೆದ ನನಗೆ ಇದರಲ್ಲೊಂದು ಮಾತು ಹೊಳೆಯುತ್ತದೆ. ಸಾಧನ ಮೇಲಕ್ಕೆ ಹಾರಿದಾಗ ಕ್ಯಾಮೆರಾ ಆಟಗಾರ್ತಿಯ ಮುಖವನ್ನು ಹತ್ತಿರದಿಂದ ಹಿಡಿದರೆ ಚೆಂಡು ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಚೆಂಡನ್ನೂ ತೋರಿಸಲು ಹಿಂದೆ ಸರಿದರೆ ಮುಖ ಚಿಕ್ಕದಾಗುತ್ತದೆ. ಫೋನಿನ ಕಿರುಚಿತ್ರಕ್ಕೆ ಮುಖವೇ ಬೇಕು. ತೀರ್ಪುಗಾರರಿಗೆ ಚೆಂಡು, ಪಾದ, ಬೆನ್ನು, ತಾಳ ಎಲ್ಲವೂ ಬೇಕು. ಹಾಗಾಗಿ ಹಿಂಬಾಲಕರ ಸಂಖ್ಯೆ ಚಿತ್ರಕ್ಕೆ ಸಿಕ್ಕ ಉತ್ತರವೇ ಹೊರತು ಆಟಕ್ಕೆ ಸಿಕ್ಕ ಅಂಕವಲ್ಲ. 26.750 ಎಂಬ ಅಂಕ ಕಹಿಯಾದರೂ ಎಲ್ಲಿ ತಪ್ಪಾಯಿತೆಂದು ಹೇಳುತ್ತದೆ. ಅದನ್ನು ನಾಲ್ಕು ವರ್ಷ ಅಭ್ಯಾಸ ಮಾಡಿ ತಿದ್ದಬಹುದು. ಮುಖ ಕಾಣದವನ ನಿಂದನೆಯನ್ನು ಯಾವ ಅಭ್ಯಾಸದಿಂದ ತಿದ್ದುವುದು?

ಸೋನ್ ಮುಂದೆ ಸೋಲ್‌ನಲ್ಲಿ ಸ್ಟುಡಿಯೊ ತೆರೆದು ಮಕ್ಕಳಿಗೆ ಈ ವಿದ್ಯೆ ಕಲಿಸತೊಡಗಿದರು. ಎಸೆಯುವುದು, ಬಿದ್ದದ್ದನ್ನು ಎತ್ತಿಕೊಂಡು ಮತ್ತೆ ಎಸೆಯುವುದು ಈ ವಿದ್ಯೆಯ ಭಾಗವೇ.

ನಿಮ್ಮ ಹಾಡು, ಚಿತ್ರ, ಆಟವನ್ನು ನೀವೂ ಫೋನಿನಲ್ಲಿ ಹಂಚಿಕೊಳ್ಳುತ್ತೀರಿ, ಅದು ತಪ್ಪಲ್ಲ. ಮೆಚ್ಚುಗೆ ಕಡಿಮೆ ಬಂದ ದಿನ ಮಾತ್ರ ನಿಮ್ಮ ಗುರುಗಳ ಬಳಿ ಹೋಗಿ, 'ಎಲ್ಲಿ ತಪ್ಪಾಯಿತು?' ಎಂದು ಕೇಳಿ. ತಿದ್ದಿಕೊಳ್ಳಬಹುದಾದ ಉತ್ತರ ಅಲ್ಲಿ ಸಿಗುತ್ತದೆ.